ತಂಬುಳಿಯ ಗೆಡುಗೊ ಎಲ್ಲಿಂದ ಬಂತು?

ಚಕ್ರಮುನಿ ಹೇಳಿರೆ ಆರೋ ಒಬ್ಬ ಮುನಿಯ ಹೆಸರು ಹೇಳಿ ನಮ್ಮಲ್ಲಿ ಸುಮಾರು ಜೆನ ಗ್ರೇಶಿಗೊಂಡಿದವು. ಮದ್ದಿನ ಗೆಡು ಅಲ್ಲದಾ, ಏವದೋ ಋಷಿ ಕಾಡಿಲಿ ಕಂಡುಹಿಡುದಿಕ್ಕು ಹೇಳಿ. ಋಷಿಗೂ ಈ ಗೆಡುವಿಂಗೂ ಎಂತ ಸಂಬಂಧವೂ ಇಲ್ಲೆ. ಮಲಯ ಭಾಷೆಲಿ ಇದರ ಹೆಸರು ‘ಚೆಕುರ್ ಮಾನಿಸ್’. ಮಾನಿಸ್ ಹೇಳಿರೆ ಅಲ್ಲಿಯಾಣವಕ್ಕೆ ಚೀಪೆ. ಅದು ಕೇರಳಕ್ಕೆ ಬಂದಪ್ಪಗ ಚೆಕ್ಕುರ್ಮಾನಿಸ್ ಆತು, ನಮ್ಮ ಬಾಯಿಲಿ ಉರುಳಿ ಉರುಳಿ ಚಕ್ರಮುನಿ ಆತು. ಕೇರಳಲ್ಲಿ ಕೆಲವು ಜೆನ ಸಿಂಗಪುರ ಚೀರೆ ಹೇಳಿಯೂ ಹೇಳ್ತವು. ಹೆಸರಿಲೇ ಅದು ಬಂದ ದಾರಿ ಇದ್ದು.

ನೆರೆಕರೆಯ ಅತ್ತಿಗೆಯ ಹತ್ರೆ ಇದರ ಹೇಳಿಯಪ್ಪಗ ಅವಕ್ಕೆ ರಜ ಬೇಜಾರೇ ಆತು. “ಅಂಬಗ ಇದು ನಮ್ಮದಲ್ಲದಾ?” ಹೇಳಿ ಕೇಳಿದವು. ನಮ್ಮದೇ ಅತ್ತಿಗೇ. ಹೆರಾಂದ ಬಂದದರ ನಮ್ಮದು ಮಾಡಿದ್ದು ಆರು, ಹೇಂಗೆ ಹೇಳಿ ಆರೂ ಬರದು ಮಡಗಿದ್ದವಿಲ್ಲೆ, ಅಷ್ಟೆ. ಪಿಯುಸಿಲಿ ಎಂಗೊಗೆ ಚರಿತ್ರೆ ಇದ್ದತ್ತು, ಪಾಣಿಪತದ ಮೂರು ಯುದ್ಧದ ಇಸವಿ ಬಾಯಿಪಾಠ ಮಾಡಿದ್ದೆಯೊ. ನಿತ್ಯ ತಿಂಬ ಹಸಿಮೆಣಸು ಏವಗ ಬಂತು ಹೇಳಿ ಮಾಂತ್ರ ಆ ಪುಸ್ತಕಲ್ಲಿ ಇದ್ದತ್ತಿಲ್ಲೆ.

ಹಾಂಗಾಗಿ ಸುರುವಿಂಗೆ ತಂಬುಳಿಯನ್ನೇ ತೆಕ್ಕೊಂಬ. ತಂಪು, ಹುಳಿ ಎರಡು ಸೇರಿ ತಂಬುಳಿ ಆದ್ದು. ಎಲೆಯೋ ಕೊಡಿಯೋ ಬೇರೋ ಏವದಾದರೊಂದರ ಕಾಯಿಸುಳಿಯೊಟ್ಟಿಂಗೆ ಕಡದು ಮಜ್ಜಿಗೆಗೆ ಕಲಸುದು, ಅಶನಕ್ಕೆ ಸುರುವಿಂಗೇ ಬಳುಸುದು. ಒಳುದ ಅಡಿಗೆಗೆಲ್ಲ ಇಂಥದೇ ತರಕಾರಿ ಆಯೆಕ್ಕು ಹೇಳಿ ಇದ್ದು. ತಂಬುಳಿಗೆ ಹಾಂಗಿಲ್ಲೆ. ತಿಮರೆದು ಅಕ್ಕು, ಸಾಂಬ್ರಾಣಿದು ಅಕ್ಕು, ಕುಂಟಾಲ ಕೊಡಿದು, ಪೇರಳೆ ಕೊಡಿದು, ಮೆಂತೆದು, ಶುಂಠಿದು, ಕೊಡಗಸನ ಹೂಗಿಂದು ಅಕ್ಕು. ಹೊಸತ್ತು ಏವ ಸೊಪ್ಪು ಜಾಲಿಂಗೆ ಬಂದರೂ ಸುರುವಿಂಗೆ ಅದರ ಪರೀಕ್ಷೆ ಅಪ್ಪದು ತಂಬುಳಿಲಿ ಹೇಳಿ ಎನ್ನ ಅಭಿಪ್ರಾಯ. ರಜವೇ ಸಾಕು, ಮಜ್ಜಿಗೆ ಇಪ್ಪ ಕಾರಣ ಕೈಕ್ಕೆಯೂ ಗೊಂತಾವುತ್ತಿಲ್ಲೆ.

ಈ ಪಟ್ಟಿಲಿ ತಿಮರೆ ಹಳಬ್ಬ. ಘಟ್ಟದ ಮೇಗಾಣವು ಒಂದೆಲಗ ಹೇಳ್ತವು, ಸಂಸ್ಕೃತಲ್ಲಿ ಮಂಡೂಕಪರ್ಣಿ. ಇದು ಆರೂ ತಂದು ನೆಟ್ಟದಲ್ಲ, ನೀರಪಸೆ ಇಪ್ಪಲ್ಲಿ ತನ್ನಷ್ಟಕ್ಕೆ ಹಬ್ಬುದು. ಕುಂಟಾಲವೂ ಕೊಡಗಸನವೂ ನಮ್ಮ ಗುಡ್ಡೆದೇ. ಆದರೆ ಪೇರಳೆ ಅಮೇರಿಕ ಖಂಡದ್ದು. ಹೊಟ್ಟೆ ಕೆಟ್ಟಿಪ್ಪಗ ಪೇರಳೆ ಕೊಡಿಯ ತಂಬುಳಿ ಮಾಡಿ ಕೊಡುವ ನಮ್ಮ ‘ಅಜ್ಜಿಯ ಕಾಲದ’ ಮದ್ದಿಂಗೆ ಐನೂರು ವರ್ಷದ ಮೇಲೆ ಪ್ರಾಯ ಇಪ್ಪಲೇ ಎಡಿಯ. ಅಷ್ಟು ಹಳೇ ಅಜ್ಜಿ ಸಾಕಲ್ಲದಾ!

ಇನ್ನು ಸಾಂಬ್ರಾಣಿ, ಹೇಳಿರೆ ದೊಡ್ಡಪತ್ರೆ. ಅದರ ಶಾಸ್ತ್ರೀಯ ಹೆಸರಿಲಿ ಇಂಡೋನೇಷ್ಯದ ಅಂಬೋನ್ ದ್ವೀಪದ ಹೆಸರಿದ್ದು. ಆ ಹೆಸರು ಮಡಗಿದ್ದು ವಿಯೆಟ್ನಾಮಿನ ಹೊಡೆಲಿ ಇತ್ತಿದ್ದ ಲೊರೆರೊ ಹೇಳ್ತ ಪೋರ್ಚುಗೀಸ್ ಪಾದ್ರಿ, 1790ರಲ್ಲಿ. ಅದು ಕಾಡುಗೆಡುವಾಗಿ ಬೆಳವದು ಆಫ್ರಿಕದ ಮೂಡ-ತೆಂಕ ಹೊಡೆಲಿ. ಕ್ಯೂಬದ ಹೊಡೆಲಿ ಇದನ್ನೇ ಹುರುಳಿ, ಮಾಂಸದ ಅಡಿಗೆಗೆ ಪರಿಮ್ಮಳಕ್ಕೆ ಹಾಕ್ತವಡ. ನಾವು ಸೆಮ್ಮ ಬಂದ ಬಾಬೆಗೆ ಎಲೆಯ ಬಾಡುಸಿ ರಸ ಹಿಂಡಿ ಕೊಡ್ತು. ಒಂದೇ ಗೆಡು, ಒಂದೊಂದು ಊರಿಲಿ ಒಂದೊಂದು ಕೆಲಸ.

ಈಗ ಮೆಣಸಿನ ಸಂಗತಿ. ಕನ್ನಡಲ್ಲಿ ಅಡಿಗೆಯ ಬಗ್ಗೆ ಬರದ ಹಳೇ ಪುಸ್ತಕಂಗೊ ಇದ್ದು. ಚಾಲುಕ್ಯರ ಕಾಲಲ್ಲಿ, 1025ರ ಹೊತ್ತಿಂಗೆ, ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರದ. ನೀರು ಎಲ್ಲಿದ್ದು ಹೇಳಿ ನೋಡಿ ಬಾವಿ ತೋಡುಸುದು, ಗೆಡುಮರ ಬೆಳೆಶುದು, ಸುಗಂಧ ಮಾಡುದು, ಅಡಿಗೆ, ಮದ್ದು — ಮನೆ ನಡೆಶುವವಕ್ಕೆ ಬೇಕಾದ್ದೆಲ್ಲ ಅದರಲ್ಲಿದ್ದು. 16ನೇ ಶತಮಾನದ ಸುರುವಿಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ ಹೇಳಿ ಅಡಿಗೆದೇ ಒಂದು ಪುಸ್ತಕ ಬರದ, ಅದುದೇ ಪದ್ಯಲ್ಲಿ. ಈ ಎರಡರಲ್ಲಿಯೂ ಕಾಂಬಲೆ ಸಿಕ್ಕದ್ದ ಸಾಮಾನು ಹೇಳಿರೆ ಇಂದು ನಾವು ಮೆಣಸು ಹೇಳ್ತ ಹಸಿಮೆಣಸು, ಒಣಕ್ಕು ಮೆಣಸು. ಸಿಕ್ಕುದಾದರೂ ಹೇಂಗೆ? ಅದು ಅಮೇರಿಕದ ಗೆಡು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, 16ನೇ ಶತಮಾನಲ್ಲಿ ಪೋರ್ಚುಗೀಸರ ಹಡಗಿಲಿ ನಮ್ಮ ಕರಾವಳಿಗೆ ಎತ್ತಿತ್ತು.

ಅದರಿಂದ ಮದಲು ಖಾರ ಹೇಳಿರೆ ಗೆಣಮೆಣಸು, ಶುಂಠಿ, ಹಿಪ್ಪಲಿ. ‘ಮೆಣಸು’ ಹೇಳ್ತ ಶಬ್ದವೇ ಗೆಣಮೆಣಸಿಂಗೆ ಇದ್ದದು. ಹೊಸತ್ತು ಬಂದು ಹಳತ್ತರ ಹೆಸರಿನ ಎಳಕ್ಕೊಂಡತ್ತು. ಅಂಬಗ ಹಳತ್ತಕ್ಕೆ ಬೇರೆ ಹೆಸರು ಬೇಕಾತನ್ನೆ? ಕನ್ನಡಲ್ಲಿ ಒಳ್ಳೆಮೆಣಸು ಹೇಳಿದವು, ತುಳುವಿಲಿ ಎಡ್ಡೆಮುಂಚಿ ಹೇಳಿದವು, ಮಲೆಯಾಳಲ್ಲಿ ನಲ್ಲಮುಳಗು ಹೇಳಿದವು. ಮೂರು ಭಾಷೆಲಿಯೂ ‘ಒಳ್ಳೆದು’ ಹೇಳಿಯೇ ಅರ್ಥ. ಹೊಸ ಮೆಣಸಿನ ಅಡಿಗೆಗೆ ಹಾಕಿಗೊಂಡರೂ, ಒಳ್ಳೆದು ಏವದು ಹೇಳುವ ತೀರ್ಪಿನ ನಮ್ಮ ಹೆಮ್ಮಕ್ಕೊ ಹೆಸರಿಲೇ ಕೊಟ್ಟಿಕ್ಕಿದವು ಹೇಳಿ ಎನಗೆ ಕಾಣ್ತು. ಇಂದಿಂಗೂ ಎಷ್ಟೋ ಮನೆಲಿ ತಿಥಿ ಅಡಿಗೆಗೆ ಒಣಕ್ಕು ಮೆಣಸು ಮುಟ್ಟುತ್ತವಿಲ್ಲೆ, ಗೆಣಮೆಣಸೇ. ಬಟಾಟೆ, ಟೊಮೆಟೊ, ಕ್ಯಾಬೇಜುದೇ ಇಲ್ಲೆ. ಬಾಳಂತಿಯ ಅಡಿಗೆಗೂ ಗೆಣಮೆಣಸೇ. ಶಾಸ್ತ್ರ ಹೇಳಿ ನಾವು ಹೇಳ್ತು, ಆದರೆ ನೋಡಿರೆ ತಿಥಿಯ ಬಾಳೆಲೆಲಿ ಐನೂರು ವರ್ಷ ಹಿಂದಾಣ ಊಟವೇ ಹಾಂಗೇ ಒಳುದ್ದು.

ಈ ಒಳ್ಳೆಮೆಣಸಿನೊಟ್ಟಿಂಗೆ ಚರಿತ್ರೆ ಪುಸ್ತಕಲ್ಲಿ ಹೆಸರು ಒಳುದ ಹೆಮ್ಮಕ್ಕೊ ಹೇಳಿರೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1552ರಿಂದ 1606ರ ವರೆಗೆ ಆಳಿದವು. ಪೋರ್ಚುಗೀಸರು ಅವರ ಮೆಣಸಿನ ರಾಣಿ ಹೇಳಿಯೇ ಹೇಳಿಗೊಂಡಿತ್ತಿದ್ದವು. ಅವು ಮೆಣಸು ಮಾರಿದವು, ಹಾಂಗಾಗಿ ಲೆಕ್ಕಪುಸ್ತಕಲ್ಲಿ ಬಂದವು. ಮೆಣಸಿನ ಗುದ್ದಿ ಕಷಾಯ ಮಾಡಿದವರ ಲೆಕ್ಕ ಆರು ಬರೆತ್ತವು?

ಇದರ ಎಂತಗೆ ಹೇಳಿದೆ ಹೇಳಿರೆ, ನಮ್ಮ ಕರಾವಳಿಯ ಗೆಡುಗಳ ಬಗ್ಗೆ ಒಂದು ದೊಡ್ಡ ಪುಸ್ತಕವೇ ಇದ್ದು — ‘ಹೊರ್ತುಸ್ ಮಲಬಾರಿಕುಸ್’. ಕೊಚ್ಚಿಲಿ ಡಚ್ಚರ ಅಧಿಕಾರಿ ಆಗಿತ್ತಿದ್ದ ವಾನ್ ರೀಡ್ ಮಾಡುಸಿದ್ದು. 1678ರಿಂದ 1693ರ ಒಳ ಆಮ್‌ಸ್ಟರ್‌ಡಾಮಿಲಿ 12 ಸಂಪುಟ ಅಚ್ಚಾತು. 742 ಗೆಡುಗಳ ವಿವರ ಇದ್ದು, ದೊಡ್ಡ ದೊಡ್ಡ ಚಿತ್ರವೂ ಇದ್ದು. ಬರದ್ದು ಲ್ಯಾಟಿನಿಲಿ. ನಮ್ಮ ಪಾಲೆ ಮರ ಸುರುವಾಣ ಸಂಪುಟಲ್ಲೇ ಇದ್ದು, ಹೆಸರುದೇ ‘ಪಾಲ’ ಹೇಳಿಯೇ. ತಿಮರೆ ಹತ್ತನೇ ಸಂಪುಟಲ್ಲಿ ‘ಕೊಡಗಮ್’ ಹೇಳ್ತ ಮಲೆಯಾಳ ಹೆಸರಿಲಿ ಇದ್ದು. ಗೆಡುಗೊಕ್ಕೆಲ್ಲ ಶಾಸ್ತ್ರೀಯ ಹೆಸರು ಮಡಗಿದ ಲಿನ್ನೇಯಸ್ ನಮ್ಮ ಊರ ಗೆಡುಗಳ ತಿಳುಕೊಂಡದು ಹೆಚ್ಚಾಗಿ ಈ ಪುಸ್ತಕಂದಲೇ.

ವಾನ್ ರೀಡ್ ಆರ ಹತ್ರೆ ಕೇಳಿದ? ಅದರ ಅವ ಮುಚ್ಚಿ ಮಡಗಿದ್ದಾಯಿಲ್ಲೆ, ಅದು ಅವನ ದೊಡ್ಡ ಗುಣ. ಚೇರ್ತಲೆ ಹೊಡೆಯ ಇಟ್ಟಿ ಅಚ್ಯುತನ್ ಹೇಳ್ತ ಈಳವ ವೈದ್ಯ, ಮತ್ತೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಹೇಳ್ತ ಮೂರು ಜೆನ ಕೊಂಕಣಿ ವೈದ್ಯರು. ಇವರ ಸ್ವಂತ ಕೈಬರಹದ ಹೇಳಿಕೆ, 1675ರದ್ದು, ಸುರುವಾಣ ಸಂಪುಟಲ್ಲೇ ಅಚ್ಚಾಯಿದು. ಕೊಂಕಣಿಯವರದ್ದು ನಾಗರಿ ಅಕ್ಷರಲ್ಲಿದ್ದು. ಕೇರಳದ ಕೆ. ಎಸ್. ಮಣಿಲಾಲ್ ಹೇಳ್ತ ಪ್ರೊಫೆಸರು ಆಯುಷ್ಯವಿಡೀ ಕೂದು ಲ್ಯಾಟಿನಿಂದ ಇಂಗ್ಲಿಷಿಂಗೆ ತಂದ ಮೇಲೆ, 2003ರಲ್ಲಿ ಅದು ಪುಸ್ತಕ ಆತು. ಮತ್ತೆ ಮಲೆಯಾಳಲ್ಲಿಯೂ ಬಂತು.

ನಾಕು ಜೆನರ ಹೆಸರು ಒಳುದ್ದು, ಒಳ್ಳೆದಾತು. ಆದರೆ ಗೆಡುವ ನಿತ್ಯ ಮುಟ್ಟಿ, ಕೊಯಿದು, ಕಡದು, ಎಳೆ ಬಾಬೆಯ ಬಾಯಿಗೆ ಹಾಕಿದ ಒಬ್ಬಂದೇ ಒಬ್ಬ ಹೆಮ್ಮಕ್ಕಳ ಹೆಸರುದೇ ಆ ಸಾಕ್ಷಿಗಳ ಒಟ್ಟಿಂಗೆ ಇಲ್ಲೆ. ವೈದ್ಯರು ದೊಡ್ಡ ಜ್ವರಕ್ಕೆ, ಹಾವು ಕಚ್ಚಿದ್ದಕ್ಕೆ ಬಕ್ಕು. ಶೀತ, ಸೆಮ್ಮ, ಹೊಟ್ಟೆಬೇನೆಗೆ ಆರು ವೈದ್ಯರ ಬಪ್ಪಲೆ ಹೇಳಿಗೊಂಡಿತ್ತಿದ್ದವು? ಅಲ್ಲಿಯಾಣ ವಿದ್ಯೆ ಎಲ್ಲ ಅಟ್ಟುಂಬೊಳಲ್ಲೇ ಇದ್ದತ್ತು.

ಅದರ ಒಬ್ಬಂದ ಒಬ್ಬಂಗೆ ದಾಂಟುಸಿದ್ದು ಹೇಂಗೆ? ಎನ್ನ ಕೇಳಿರೆ, ಆಟಿ ತಿಂಗಳಿಲಿ, ಚೆನ್ನೆಮಣೆಯ ಎದುರು ಕೂದೊಂಡು.

ಆಟಿಲಿ ಹೆರ ಕಾಲು ಮಡುಗಲೆ ಎಡಿಯ. ನೇಜಿ ನೆಟ್ಟು ಮುಗುದಿಕ್ಕು, ತೋಟಕ್ಕೆ ಮದ್ದು ಬಿಡ್ಲೆ ಮಳೆ ಬಿಡ. ಹೊತ್ತೋಪಗಾಣ ಕೆಲಸ ಆದ ಮೇಲೆ ಹೆಮ್ಮಕ್ಕೊ ಜೆಗಿಲಿಲಿ ಸೇರುಗು. ಒಬ್ಬರು ಹತ್ತಿ ಹಿಂಜಿ ಬತ್ತಿ ಹೊಸವದು, ಒಬ್ಬರು ಮಡಲಿನ ಕಡ್ಡಿ ಎರದು ಹಿಡಿಸೂಡಿ ಕಟ್ಟುದು, ಇಬ್ರು ಚೆನ್ನೆ ಆಡುದು. ಮಣೆಲಿ ಏಳೇಳರ ಎರಡು ಸಾಲು, 14 ಗುಳಿ, ಗುಳಿಗೆ ನಾಕರ ಹಾಂಗೆ 56 ಮಂಜೊಟ್ಟಿ ಬಿತ್ತು. ಒಂದು ಗುಳಿಯ ಬಿತ್ತಿನ ತೆಗದು ಮುಂದಾಣದ್ದಕ್ಕೆ ಒಂದೊಂದಾಗಿ ಹಾಕಿಗೊಂಡು ಹೋಪದು. ಕೈ ಬಿತ್ತಿನ ಲೆಕ್ಕ ಮಾಡ್ತು, ಬಾಯಿ ಊರ ಸುದ್ದಿ ಮಾತಾಡ್ತು. ಆರ ಮಗಳಿಂಗೆ ಬಾಳಂತನ, ಎಂತ ಮದ್ದು ಕೊಟ್ಟವು, ಏವ ಸೊಪ್ಪು ಆ ಬಾಬೆಗೆ ಆಗಿ ಬೈಂದಿಲ್ಲೆ — ಇದೆಲ್ಲ ಅಲ್ಲೇ. ಆರೂ ಇಲ್ಲದ್ದರೆ ಒಬ್ಬನೇ ಕೂದು ಆಡುವ ಕ್ರಮವೂ ಇದ್ದು, ಅದಕ್ಕೆ ಸೀತೆ ಆಟ ಹೇಳ್ತವು. ಅಶೋಕವನಲ್ಲಿ ಸೀತೆ ಹಾಂಗೆ ಆಡಿಗೊಂಡಿತ್ತಡ.

ಅಕ್ಕ-ತಂಗೆ ಚೆನ್ನೆ ಆಡ್ಲಾಗ ಹೇಳ್ತ ನಿಯಮ ನಿಂಗೊಗೆ ನೆಂಪಿಕ್ಕು. ಅದು ತುಳುವಿನ ಸಿರಿ ಪಾಡ್ದನಂದ ಬಂದದು. ಅಬ್ಬಗ-ದಾರಗ ಹೇಳ್ತ ಅವಳಿ ಅಕ್ಕ-ತಂಗೆ ಚೆನ್ನೆ ಆಡುವಗ ಲಡಾಯಿ ಆಗಿ, ಒಬ್ಬಂಗೆ ಮಣೆಲೇ ಪೆಟ್ಟು ಬಿದ್ದು ಜೀವ ಹೋವುತ್ತು. ಈ ಪಾಡ್ದನವ ಗೋಪಾಲ ನಾಯ್ಕರ ಬಾಯಿಂದ ಫಿನ್ಲೆಂಡಿನ ಲೌರಿ ಹೊಂಕೊ 1990ರಲ್ಲಿ ಕೇಳಿ ಬರಕ್ಕೊಂಡು 1998ರಲ್ಲಿ ಅಚ್ಚು ಹಾಕುಸಿದವು. 15,683 ಸಾಲು! ಗೆದ್ದೆಲಿ ನೇಜಿ ನೆಡುವಗ ಹೆಮ್ಮಕ್ಕೊ ತುಂಡು ತುಂಡಾಗಿ ಹೇಳಿಗೊಂಡಿದ್ದ ಕತೆ, ಅಷ್ಟು ಉದ್ದ ಇದ್ದು ಹೇಳಿ ಪ್ರಪಂಚಕ್ಕೆ ಗೊಂತಪ್ಪಲೆ ಅಷ್ಟು ಕಾಲ ಹಿಡುದತ್ತು. ಜೆಗಿಲಿಲಿ ಹೇಳಿದ ಸೊಪ್ಪಿನ ಸುದ್ದಿಯ ಬರಕ್ಕೊಂಬಲೆ ಮಾಂತ್ರ ಆರೂ ಬಯಿಂದವಿಲ್ಲೆ.

ಎದ್ದು ಹೋಪಗ ಒಬ್ಬೊಬ್ಬನ ಕೈಲಿಯೂ ಒಂದು ಕೊಡಿಯೋ ಬಳ್ಳಿಯೋ ಇಕ್ಕು, ಬಾಳೆಲೆಲಿ ಸುತ್ತಿದ್ದು. ಮದುವೆ ಆಗಿ ಹೋಪ ಕೂಸುಗಳೊಟ್ಟಿಂಗೂ ಹಾಂಗೇ ಗೆಡು ಹೋಕು. ಒಂದೊಂದು ಸೀಮೆಯ ಗೆಡು ಇನ್ನೊಂದು ಸೀಮೆಗೆ ಎತ್ತಿದ್ದು ಹೀಂಗೆ. ಕೊಡುವಗ ಬರೀ ಗೆಡು ಕೊಡ್ತವಿಲ್ಲೆ, ಕ್ರಮವೂ ಹೇಳಿಯೇ ಕೊಡುಗು. “ತಿಮರೆಯ ಬೇಶೆಡ, ಹಸಿಯೇ ಕಡೆ. ಸಾಂಬ್ರಾಣಿಯ ತುಪ್ಪಲ್ಲಿ ಬಾಡುಸಿಯೇ ಕಡೆ, ಇಲ್ಲದ್ದರೆ ಗಂಟಲು ಕೆರೆತ್ತು. ಚಕ್ರಮುನಿಯ ಬೇಶದ್ದೆ ತಿನ್ನೆಡ, ಒಂದು ಮುಷ್ಟಿಂದ ಹೆಚ್ಚು ಬೇಡ.”

ಈ ಕ್ರಮಕ್ಕೆ ಎಷ್ಟು ಬೆಲೆ ಹೇಳುದಕ್ಕೆ ದೊಡ್ಡ ಉದಾಹರಣೆ ತೈವಾನಿಲಿ ಇದ್ದು. ಅಲ್ಲಿ 1994-95ರ ಹೊತ್ತಿಂಗೆ ಸಪುರ ಅಪ್ಪಲೆ ಒಳ್ಳೆದು ಹೇಳಿ ಚಕ್ರಮುನಿಯ ಹಸಿ ರಸ ಕುಡಿವ ಮರುಳು ಹಿಡುದತ್ತು. ಪೇರಳೆಯೋ ಅನಾನಸೋ ಸೇರ್ಸಿ ನಿತ್ಯ ಗ್ಲಾಸುಗಟ್ಲೆ. ಸುಮಾರು ಜೆನಕ್ಕೆ ಶ್ವಾಸಕೋಶ ಸರಿ ಅಪ್ಪಲೇ ಎಡಿಯದ್ದಾಂಗೆ ಹಾಳಾತು, ಕೆಲವು ಜೆನ ತೀರಿಯೂ ಹೋದವು. ಹೆಚ್ಚಿನವು ಪ್ರಾಯದ ಹೆಮ್ಮಕ್ಕೊ. ಅದೇ ಗೆಡುವ ಮಲೇಷ್ಯಲ್ಲಿ ತಲೆಮಾರಿಂದ ಬೇಶಿ ತಿಂತಾ ಇದ್ದವು. ತೈವಾನಿಂಗೆ ಗೆಡು ಮಾಂತ್ರ ಹೋತು, ಅದರೊಟ್ಟಿಂಗೆ ಹೇಳಿಕೊಡುವ ಅತ್ತೆ, ಅತ್ತಿಗೆ ಹೋಯಿದವಿಲ್ಲೆ. ಈಗ ಮೊಬೈಲಿಲಿ ಏವದೋ ಸೊಪ್ಪಿನ ‘ಡೀಟಾಕ್ಸ್ ಜ್ಯೂಸ್’ ಹೇಳಿ ಬಪ್ಪಗ ಎನಗೆ ನೆಂಪಪ್ಪದು ಇದುವೇ.

ಆಟಿ ಅಮಾಸೆಯ ಪಾಲೆ ಕಷಾಯದ್ದೂ ಹಾಂಗೇ. ಉದಿ ಅಪ್ಪ ಮದಲು ಹೋಗಿ ಕಲ್ಲಿಲಿ ಜೆಜ್ಜಿ ಕೆತ್ತೆ ತಪ್ಪದು, ಕತ್ತಿ ಮುಟ್ಟುಸಲಾಗ. ಗೆಣಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಕಡದು, ಬೆಳಿ ಕಲ್ಲಿನ ಕಿಚ್ಚಿಲಿ ಕಾಸಿ ಅದಕ್ಕೆ ಅದ್ದುದು. ಕತ್ತಲೆಲಿ ಪಾಲೆ ಹೇಳಿ ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ, ಅದು ವಿಷದ ಮರ. ಹಾಂಗಾಗಿಯೇ ಕೆಲವು ಹೊಡೆಲಿ ಮುನ್ನಾಣ ದಿನ ಬೆಣಚ್ಚಿಲೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಗುರ್ತ ಮಾಡಿಕ್ಕಿ ಬಪ್ಪದು. ಪಾಲೆಯ ಎಲೆ ಏಳೇಳು ಒಟ್ಟಿಂಗೆ ಚಕ್ರದ ಹಾಂಗೆ ಇಕ್ಕು, ಕೆತ್ತಿರೆ ಬೆಳಿ ಹಾಲು ಬಕ್ಕು. ಕಾಸರಕದ ಎಲೆ ಎರಡೆರಡು ಎದುರುಬದುರು, ಹಾಲಿಲ್ಲೆ. ಮಕ್ಕೊಗೆ ಕಷಾಯ ಕುಡುಶುದರಿಂದಲೂ ಮದಲು ಇದರ ಕಲಿಶೆಕ್ಕು. ಮರ ಗುರ್ತ ಇಪ್ಪವು ಮನೆಲಿ ಆರೂ ಇಲ್ಲದ್ದರೆ ಆ ವರ್ಷ ಕಷಾಯ ಬೇಡ, ಮೆಂತೆ ಗೆಂಜಿ ಉಂಡರೆ ಸಾಕು.

ಈಗ ನಮ್ಮ ಹೊಡೆಲಿ ಗೆದ್ದೆ ಹೋಗಿ ಅಡಕ್ಕೆ ತೋಟ ಆತು. ಗೆದ್ದೆ ಹುಣಿ ಇಲ್ಲೆ, ಹುಣಿಯ ತಿಮರೆಯೂ ಇಲ್ಲೆ. ತೋಟಲ್ಲಿ ರಜ ಇದ್ದರೆ, ಹುಲ್ಲಿಂಗೆ ಬಿಡ್ತ ಮದ್ದು ಅದನ್ನೂ ಕರಂಚುಸುತ್ತು. ಮದ್ದು ಬಿಟ್ಟ ತೋಟದ ತಿಮರೆಯ ಮಾಂತ್ರ ಕೊಯ್ವಲೇ ಆಗ, ಹಸಿಯೇ ತಿಂಬದಲ್ಲದಾ? ಪೇಟೆಲಿ ಇಪ್ಪವಕ್ಕೆ ಇನ್ನೊಂದು ತೊಂದರೆ. ನರ್ಸರಿಲಿ ‘ಬ್ರಾಹ್ಮಿ’ ಹೇಳಿ ಕೇಳಿರೆ ಎರಡು ಬಗೆ ಗೆಡು ಸಿಕ್ಕುಗು. ನಾವು ಬ್ರಾಹ್ಮಿ ಹೇಳುದು ದುಂಡು ಎಲೆಯ ಒಂದೆಲಗವ. ಕೇರಳಲ್ಲಿ ಬ್ರಾಹ್ಮಿ ಹೇಳಿರೆ ಸಣ್ಣ ಸಣ್ಣ ದಪ್ಪ ಎಲೆಯ ನೀರುಗೆಡು, ಬೆಳಿ ಹೂಗು ಬಿಡ್ತು, ತುಂಬ ಕೈಕ್ಕೆ. ಮಗಳೋ ಸೊಸೆಯೋ ಫೋನಿಲಿ ಕೇಳುವಗ ಹೆಸರು ಹೇಳಿ ಬಿಡೆಡಿ, ಎಲೆಯ ಆಕಾರವನ್ನೂ ಹೇಳಿ.

ನೆಡುದು ಎಂತ ದೊಡ್ಡ ಕೆಲಸ ಅಲ್ಲ. ತಿಮರೆಯ ಬಳ್ಳಿಲಿ ಗೆಂಟು ಗೆಂಟಿಲಿ ಬೇರಿರ್ತು, ಅಂಥ ಎರಡು ಗೆಂಟು ಸಾಕು. ಅಗಲದ ಚಟ್ಟಿ, ಅರೆ ನೆರಳು, ಮಣ್ಣು ಒಣಗಲಾಗ. ಬಟ್ಟಲು ತೊಳದ ನೀರು ಎರವಲ್ಲಿ ಬೇಡ, ಶುದ್ಧ ನೀರಿಲೇ ಬೆಳೆಶಿ. ಸಾಂಬ್ರಾಣಿಯ ಕೊಡಿ ಚಿವುಟಿ ಊರಿರೆ ವಾರಲ್ಲಿ ಹಿಡಿತ್ತು. ಅದಕ್ಕೆ ನೀರು ಹೆಚ್ಚಾದರೆ ಕೊಳೆತ್ತು, ಹಾಂಗಾಗಿ ಮಳೆ ಹಿಡಿವ ಮದಲೇ ಚಟ್ಟಿಯ ಮಾಡಿನ ಅಡಿಯಂಗೆ ಎಳದು ಮಡಗಿ. ಚಕ್ರಮುನಿಯ ಗೆಲ್ಲು ಕಡುದು ನೆಟ್ಟು, ಎದೆ ಎತ್ತರಕ್ಕೆ ಬಂದಪ್ಪಗೆಲ್ಲ ಕೊಡಿ ಕೊಯಿದುಗೊಂಡಿದ್ದರೆ ಬೇಲಿಯೇ ಆವುತ್ತು.

ತಿಮರೆ ತಂಬುಳಿ ಮಾಡಿ ಗೊಂತಿಲ್ಲದ್ದ ಹೊಸ ಮದುಮ್ಮಾಳುಗೊಕ್ಕೆ: ಬೇರು ಸಹಿತ ಒಂದು ಮುಷ್ಟಿ ತಿಮರೆಯ ಮಣ್ಣು ಹೋಪಾಂಗೆ ಮೂರು ನಾಕು ನೀರಿಲಿ ತೊಳೆರಿ. ಅರ್ಧ ಚಮಚ ಜೀರಿಗೆ, ಐದು ಗೆಣಮೆಣಸು, ಒಂದು ಮುಷ್ಟಿ ಕಾಯಿಸುಳಿ ಹಾಕಿ ನೊಂಪಿಂಗೆ ಕಡೆರಿ. ಒಂದು ಕುಡ್ತೆ ಮಜ್ಜಿಗೆ ಎರದು ಉಪ್ಪು ಹಾಕಿ ಕಲಸಿ, ತುಪ್ಪಲ್ಲಿ ಜೀರಿಗೆ ಒಗ್ಗರಣೆ. ಕೊದಿಶುಲಾಗ. ಹಸಿಮೆಣಸು ಹಾಕುವವು ಹಾಕಿಗೊಳ್ಳಿ, ಲಾಯ್ಕವೇ ಆವುತ್ತು. ಎನಗೆ ಮಾಂತ್ರ ಇದಕ್ಕೆ ಒಳ್ಳೆಮೆಣಸೇ ಆಯೆಕ್ಕು.

ಎಂಗಳ ಬಾವಿಕಟ್ಟೆಯ ಕರೆಲಿ ತಿಮರೆ ಈಗ ಲಾಯ್ಕ ಹಬ್ಬಿದ್ದು, ಅಲ್ಲಿಗೆ ಮದ್ದು ಬಿಟ್ಟಿದಿಲ್ಲೆ. ನೆರೆಕರೆಯವಕ್ಕೆ ಬೇಕಾದರೆ ಎರಡು ಮಳೆ ಬಂದ ಮೇಲೆ ಬನ್ನಿ, ಬಳ್ಳಿ ಕಿತ್ತು ಕೊಡ್ತೆ. ಬಪ್ಪಗ ಸುತ್ತುಲೆ ಒಂದು ಹಾಳೆ ತುಂಡು ಹಿಡ್ಕೊಂಡು ಬನ್ನಿ. ನಿಂಗಳ ಮನೆಲಿ ಎಂಗಳಲ್ಲಿ ಇಲ್ಲದ್ದ ಕೊಡಿ ಏವದಾದರೂ ಇದ್ದರೆ ಅದನ್ನೂ.